ಚಿಕ್ಕಪ್ಪನ ನಡಿಗೆ

ನಮ್ಮ ಚಿಕ್ಕಪ್ಪ ಓಡಿದ್ದನ್ನು ಊರಿನಲ್ಲಿ ಯಾರೂ ನೋಡಿರಲಿಲ್ಲ. ಓಡುವುದಿರಲಿ, ಬಿರುಸಾಗಿ ನಡೆದದ್ದನ್ನೂ ನೋಡಿರಲಿಲ್ಲ. ಕಪ್ಪು ಕೋಟಿನ ಗುಂಡಿಗಳನ್ನು ಕುತ್ತಿಗೆಯವರೆಗೆ ಹಾಕಿಕೊಂಡು, ಮಡಿಸಿದ ಕೊಡೆಯನ್ನು ಕಂಕುಳಲ್ಲಿ ಅವುಚಿಕೊಂಡು, ಬೀದಿಯ ಈ ತುದಿಯ ಮನೆಯಿಂದ ಆ ತುದಿಯ ಬ್ಯಾಂಕಿಗೆ ಅವರು ಸಾಗುತ್ತಿದ್ದ ಗಂಭೀರ ಮಂದಗತಿಯನ್ನು ಕಂಡು ಮಕ್ಕಳು ‘ಆಮೆ ಸಾಹೇಬ್ರು’ ಎಂದು ಹೆಸರಿಟ್ಟಿದ್ದರು. ಅದು ಅವರಿಗೂ ಗೊತ್ತಿತ್ತು, ಬೇಸರವಿರಲಿಲ್ಲ. ನನ್ನದೋ ಹುಟ್ಟಿನಿಂದಲೇ ಅವಸರದ ಜೀವ. ಅವರ ಜೊತೆ ನಡೆಯುವುದೆಂದರೆ ನನಗೆ ಪ್ರಾಣಸಂಕಟ.

ಒಮ್ಮೆ ಜೋರು ಮಳೆ ಸುರಿದು ಬೀದಿಗೆ ಬೀದಿಯೇ ಸೂರುಗಳಡಿ ಓಡಿ ನಿಂತರೂ, ಇವರು ಮಾತ್ರ ಗಾಳಿ ಕೊಡೆಯನ್ನು ಮಗುಚಿ ಹಾಕಿದ ಮೇಲೂ ಅದೇ ಹೆಜ್ಜೆಯಲ್ಲಿ ತೊಯ್ದು ತೊಪ್ಪೆಯಾಗಿ ಮನೆಗೆ ಬಂದರು.

“ಕಾಲಿಗೇನು ಗುಂಡುಕಲ್ಲು ಕಟ್ಕೊಂಡಿದ್ದೀರಾ?” ಎಂದು ಚಿಕ್ಕಮ್ಮ ಟವೆಲ್ ಕೊಡುತ್ತ ಸಿಡುಕಿದಳು.

“ಮಳೆಗೆ ಹೆದರಿ ಓಡೋನ ಕೈಗೆ ನೀನಾದ್ರೆ ದುಡ್ಡು ಕೊಡ್ತೀಯಾ?”

“ಓಡದೇ ಇರೋನ ಕೈಗೆ ನಮ್ಮಪ್ಪ ನನ್ನನ್ನೇ ಕೊಟ್ಟಿದ್ದಾರಲ್ಲ, ಸಾಲದಾ?”

ಚಿಕ್ಕಪ್ಪ ಹೇಳಿದ್ದು ತಮಾಷೆಯಲ್ಲ. ಅವರು ಶುರುಮಾಡಿದ್ದೇ ಊರಿನ ಮೊದಲ ಬ್ಯಾಂಕು, ಹಳೆಯ ಜವಳಿ ಅಂಗಡಿಯ ಎರಡು ಕೋಣೆ. ಮಡಕೆಯಲ್ಲಿ, ಪೆಟ್ಟಿಗೆಯ ತಳದಲ್ಲಿ ಉಳಿತಾಯ ಬಚ್ಚಿಡುತ್ತಿದ್ದ ಜನ ಆ ಕೋಣೆಗಳನ್ನು ನೋಡಿ ನಂಬಲಿಲ್ಲ, ಇವರ ನಡಿಗೆಯನ್ನು ನೋಡಿ ನಂಬಿದರು. ಪುರಸಭೆಯ ಅಧ್ಯಕ್ಷರಾದಾಗಲೂ ಅದೇ ಲಯ. ನಲ್ಲಿ ನೀರಿನ ಯೋಜನೆಗೆ ಮೇಲಧಿಕಾರಿ ಸಬೂಬು ಹೇಳಿದಾಗಲೆಲ್ಲ “ಅವಸರ ಏನಿದೆ, ನಾಳೆ ಬರ್ತೀನಿ” ಎಂದು ಎದ್ದು, ನಿಜವಾಗಿಯೂ ಮರುದಿನ ಹೋಗಿ ಕೂರುತ್ತಿದ್ದರು. ಕೊನೆಗೆ ಇವರ ಮುಖ ನೋಡಿ ನೋಡಿ ಸುಸ್ತಾಗಿಯೇ ಆತ ಸಹಿ ಹಾಕಿದ್ದು.

ಆಮೇಲೆ ಪಕ್ಕದ ಊರಿನ ಬ್ಯಾಂಕು ಮುಳುಗಿತು. ಮರುದಿನ ಬೆಳಿಗ್ಗೆಯೇ ನಮ್ಮ ಬ್ಯಾಂಕಿನ ಮುಂದೆ ದುಡ್ಡು ವಾಪಸು ಕೇಳುವವರ ಜನಜಂಗುಳಿ. ಚಿಕ್ಕಪ್ಪ ಬಾಗಿಲುಗಳನ್ನು ಅಗಲವಾಗಿ ತೆರೆಸಿ, ಎಲ್ಲರ ಕಣ್ಣಿಗೂ ಬೀಳುವಂತೆ ಮುಂದೆಯೇ ಕುರ್ಚಿ ಹಾಕಿಕೊಂಡು ಕೂತರು. ಗುಂಪು ಇನ್ನೇನು ಕರಗತೊಡಗಿತ್ತು, ಅಷ್ಟರಲ್ಲಿ ಇತ್ತ ಚಿಕ್ಕಮ್ಮ ಅಡುಗೆಮನೆಯಲ್ಲಿ ಎದೆ ಹಿಡಿದುಕೊಂಡು ಕುಸಿದಳು. ಡಾಕ್ಟರು ನಾಡಿ ನೋಡಿ ನನ್ನನ್ನು ಪಕ್ಕಕ್ಕೆ ಕರೆದರು: “ಹೆಚ್ಚು ಹೊತ್ತಿಲ್ಲ. ಅವ್ರನ್ನ ಕರೆಸಮ್ಮ.” ನಮ್ಮ ತೋಟದ ಆಳು ಹಿಂದಿನ ದಾರಿಯಿಂದ ಹೋಗಿ ಚಿಕ್ಕಪ್ಪನ ಕಿವಿಯಲ್ಲಿ ಹೇಳಿದ.

ನಾನು ಕಿಟಕಿಯಲ್ಲಿ ನಿಂತಿದ್ದೆ. ಬಂದರು. ಅದೇ ಕೋಟು, ಅದೇ ಕೊಡೆ, ಅದೇ ಹಾಳು ನಡಿಗೆ! ಎದುರಿನ ಕ್ಷೌರದಂಗಡಿಯವನು “ಏನ್ ಸಾಹೇಬ್ರೆ, ಇವತ್ತು ಇಷ್ಟು ಬೇಗ?” ಎಂದು ಕೇಳಿದ್ದಕ್ಕೆ ನಿಂತು, “ಊಟಕ್ಕಪ್ಪ” ಎಂದರು. ಬೀದಿಯ ಕಣ್ಣೆಲ್ಲ ಅವರ ಬೆನ್ನ ಮೇಲಿತ್ತು. ಅವರು ಓಡಿದರೆ ಬ್ಯಾಂಕು ಸಂಜೆಯ ಹೊತ್ತಿಗೆ ಇರುವುದಿಲ್ಲ, ಅದರೊಂದಿಗೆ ಅರ್ಧ ಊರಿನ ಬದುಕೂ ಹೋಗುತ್ತದೆ ಎಂಬುದು ನನಗೆ ತಿಳಿಯದ್ದೇನಲ್ಲ. ಆದರೂ, ಬ್ಯಾಂಕು ಹಾಳಾಗಿ ಹೋಗಲಿ, ಓಡಿ ಚಿಕ್ಕಪ್ಪ ಎಂದು ಹಲ್ಲು ಕಚ್ಚಿ ಅತ್ತೆ. ಆ ಸಿಟ್ಟು ಇಂದಿಗೂ ಪೂರ್ತಿ ಇಳಿದಿಲ್ಲ.

ಹೊಸ್ತಿಲು ದಾಟಿ “ಬಾಗಿಲು ಹಾಕು” ಎಂದರು. ಹಾಕಿದೆ. ಕೊಡೆ ನೆಲಕ್ಕೆ ಬಿತ್ತು. ಚಿಕ್ಕಪ್ಪ ಓಡಿದರು. ಮೇಜಿಗೆ ಡಿಕ್ಕಿ ಹೊಡೆದು, ಮುಗ್ಗರಿಸಿ, ಗೋಡೆ ಹಿಡಿದು, ಚಪ್ಪಲಿ ಕಾಲಲ್ಲೇ ಒಳಕೋಣೆಗೆ ಓಡಿದರು.

ಚಿಕ್ಕಮ್ಮ ಕಣ್ಣು ತೆರೆದಳು. “ಯಾರದು ಓಡ್ತಾ ಬಂದಿದ್ದು?”

“ನಾನೇ ಕಣೇ.”

ಅವಳು ಅವರ ಕೈ ಹಿಡಿದುಕೊಂಡಳು. “ಬಾಗಿಲು ಹಾಕಿತ್ತಾ?”

ಸಂಜೆಗೆ ಅವಳು ಹೋದಳು, ಕೈ ಅವರ ಕೈಯಲ್ಲೇ ಇತ್ತು. ಬ್ಯಾಂಕು ಉಳಿಯಿತು.

ಒಂದು ಊರಿನ ನಂಬಿಕೆಯನ್ನು ಹೊತ್ತು ನಡೆಯುವವರು ಬಹುಶಃ ಎಲ್ಲ ಕಡೆಯೂ ಹೀಗೆಯೇ. ಬೀದಿಯಷ್ಟೂ ಊರಿನ ಪಾಲು. ಹೊಸ್ತಿಲಿನಿಂದ ಒಳಕೋಣೆಯವರೆಗಿನ ನಾಲ್ಕು ಹೆಜ್ಜೆ ಮಾತ್ರ ಅವರದು. ಅವರ ಗಾಂಭೀರ್ಯವನ್ನು ಊರೆಲ್ಲ ಕೊಂಡಾಡುತ್ತದೆ. ಅವರ ಓಟದ ಸದ್ದು ಮಾತ್ರ ಮನೆಯವರಿಗಷ್ಟೇ ಕೇಳಿಸುತ್ತದೆ, ಅದೂ ಬಾಗಿಲು ಹಾಕಿದ ಮೇಲೆ.