ಬೇಸಣುವಿಗೊಂದು ಫೋಟೋ

ಅನುಷಾ ಕಂಪ್ಯೂಟರಿನ ಹೊದಿಕೆ ಎಳೆದು ಗುಂಡಿ ಒತ್ತುವ ಹೊತ್ತಿಗೆ ನಡುಮನೆಯಲ್ಲಿ ನೆಲ ತೊಳೆಯುತ್ತಿದ್ದರು. ಮಾವ ವಾಸುದೇವರನ್ನು ಗಂಡಸರು ಆಗಷ್ಟೇ ಸ್ಮಶಾನಕ್ಕೆ ಒಯ್ದಿದ್ದರು. ಮನೆಯಲ್ಲಿ ಉಳಿದ ಹೆಂಗಸರ ನಡುವೆ ಒಂದೇ ಮಾತು: ಫೋಟೋ ಎಲ್ಲಿ?

ಮಾತು ಎತ್ತಿದವರು ಎದುರುಮನೆಯ ಕಮಲಾಬೆನ್. ನಾಳೆ ಸಂಜೆ ಸಂತಾಪಕ್ಕೆ ಕೂರುವ ಬೇಸಣು ಇಡಬೇಕು, ನಮ್ಮ ಮಂಜಲ್‌ಪುರದ ಅರ್ಧ ಜನ ಬಂದು ಕೂತು ಹೋಗುತ್ತಾರೆ, ಎದುರಿಗೆ ಫೋಟೋ ಇಲ್ಲದಿದ್ದರೆ ಹೂವು ಹಾಕುವುದು ಯಾವುದಕ್ಕೆ ಎಂದು ಅವರು ಕೇಳಿದ್ದರು. ಈ ಮನೆಯವರ ಊರಾದ ಉಡುಪಿಯ ಕಡೆ ಗುಜರಾತಿಗಳ ಈ ಪದ್ಧತಿಯಿಲ್ಲ. ಆದರೂ ಅತ್ತೆ ಗಿರಿಜಾ ಒಪ್ಪಿದ್ದರು. ಇವರು ಬದುಕಿಡೀ ದೋಸೆ ಹಾಕಿ ಕೊಟ್ಟದ್ದು ಇಲ್ಲಿಯವರಿಗೇ ಅಲ್ಲವೇ, ಅವರು ಬಂದು ಕೂರಲಿ ಎಂದಿದ್ದರು.

ಗೋಡೆಯ ತುಂಬ ಪಟಗಳಿದ್ದವು. ಮಗನ ಮದುವೆ, ಹೋಟೆಲಿನ ಪೂಜೆ, ದ್ವಾರಕೆಯ ಪ್ರವಾಸ. ಒಂದರಲ್ಲೂ ವಾಸುದೇವರಿರಲಿಲ್ಲ. ಕ್ಯಾಮೆರಾ ಯಾವಾಗಲೂ ಅವರ ಕೈಯಲ್ಲೇ ಇರುತ್ತಿತ್ತು. ಅವರದೇ ಮದುವೆಯ ಆಲ್ಬಮ್ಮನ್ನು ವಿಶ್ವಾಮಿತ್ರಿ ನದಿಯ ನೆರೆ ತಿಂದಿತ್ತು.

ಆಧಾರ್ ಕಾರ್ಡಿನದನ್ನೇ ದೊಡ್ಡದು ಮಾಡಿಸಿ ಎಂದು ಯಾರೋ ಹೇಳಿದರು.

"ಅದು ಇವರಲ್ಲ. ಅದರ ಎದುರು ನಾನು ಕೂರುದಿಲ್ಲ," ಎಂದರು ಗಿರಿಜಾ. ಆಮೇಲೆ ಸೊಸೆಯ ಕಡೆ ತಿರುಗಿದರು. "ವಿಡಿಯೋ ಕತ್ತರಿಸುವಾಗ ನೀನು ಇವರ ಒಟ್ಟಿಗೆ ಕೂತಿದ್ದೆಯಲ್ಲ. ಒಂದು ಕಡೆಯಾದ್ರೂ ಇದ್ದೀತು. ನೋಡು ಮಗಾ."

*

ಆ ಕಂಪ್ಯೂಟರ್ ತರಲು ಹೋದದ್ದು ಹೋದ ದೀಪಾವಳಿಯ ಮೊದಲು, ಅಲ್ಕಾಪುರಿಯ ಅಂಗಡಿಗೆ. ಅನುಷಾಳ ಗಂಡ ಸುಮಂತ್ ಬರಲಿಲ್ಲ. ಈಗ ಎಲ್ಲವೂ ಫೋನಿನಲ್ಲೇ ಆಗುತ್ತದೆ, ಅಷ್ಟು ದೊಡ್ಡದು ಯಾಕೆ ಎಂದು ಅವನ ವಾದ. ಮಾವ ಸೊಸೆಯನ್ನೇ ಹೊರಡಿಸಿದರು.

ಅಂಗಡಿಯಲ್ಲಿ ಮಾವ ತಮ್ಮ ಗುಜರಾತಿಯಲ್ಲಿ, ನಮಗೆ ಕಟಿಂಗ್ ಬೇಕು ಎಂದರು. ಅಂಗಡಿಯವನು ಬಾಗಿಲ ಕಡೆ ತಿರುಗಿ ಕೂಗಿದ. ಅಲ್ಲಿ ಕಟಿಂಗ್ ಎಂದರೆ ಅರ್ಧ ಲೋಟ ಚಹಾ, ಎರಡು ಬಂತು. ಮಾವ ಅದನ್ನು ಕುಡಿದು ಮುಗಿಸಿ, ಲೋಟ ಕೆಳಗಿಟ್ಟು, ಇದಲ್ಲ, ವಿಡಿಯೋ ಕಟಿಂಗ್ ಎಂದರು. ಅಂಗಡಿಯವನು ನಕ್ಕ, ಆಮೇಲೆ ನಗುವುದಕ್ಕೆ ಅವನಿಗೆ ಪುರಸೊತ್ತಾಗಲಿಲ್ಲ. ಮಾವ ಪೆನ್‌ಡ್ರೈವಿನಲ್ಲಿ ತಂದಿದ್ದ ಒಂದೇ ವಿಡಿಯೋವನ್ನು ಪ್ರತಿಯೊಂದು ಯಂತ್ರದಲ್ಲೂ ಹಾಕಿಸಿ, ಕತ್ತರಿಸಿ, ಜೋಡಿಸಿ ನೋಡಿದರು. ದೋಸೆಕಾವಲಿಯ ಶಾಖ ನೋಡುವ ಹಾಗೆ ಯಂತ್ರದ ಬೆನ್ನಿಗೆ ಅಂಗೈ ಹಿಡಿದರು. ಒಂದು ಬೇಗ ಕಾದಿತು. ಒಂದರಲ್ಲಿ ಮೆಮೊರಿ ಸಾಲದೆ ಚಿತ್ರ ನಿಂತು ನಿಂತು ಓಡಿತು. ಇನ್ನೊಂದರ ಪರದೆ ಅನುಷಾಳಿಗೆ ಹಿಡಿಸಿತ್ತು, ಮಾವನಿಗೆ ಹಿಡಿಸಲಿಲ್ಲ.

"ಇದರಲ್ಲಿ ಸೀರೆ ಕೇಸರಿ ಕಾಣ್ತದೆ. ನಿನ್ನ ಅತ್ತೆ ಉಟ್ಟದ್ದು ಅರಿಶಿನ ಬಣ್ಣದ್ದು."

"ಅಷ್ಟೆಲ್ಲ ಯಾರು ನೋಡ್ತಾರೆ, ಮಾವ?"

"ಉಟ್ಟವಳು ನೋಡ್ತಾಳೆ."

ಕೊನೆಗೆ ಆರಿಸಿದ್ದು ಚಂದವೇನೂ ಇಲ್ಲದ ಒಂದು ಕಪ್ಪು ಪೆಟ್ಟಿಗೆ, ಅರಿಶಿನವನ್ನು ಅರಿಶಿನವಾಗಿಯೇ ತೋರಿಸುವ ಒಂದು ಪರದೆ. ಒಳಗೆ ಎರಡನೆಯ ಡಿಸ್ಕೊಂದನ್ನೂ ಹಾಕಿಸಿದರು. ಅದು ಯಾಕೆಂದು ಅನುಷಾ ದಾರಿಯುದ್ದಕ್ಕೂ ಯೋಚಿಸಿ, ಮನೆ ಹತ್ತಿರ ಬಂದಾಗ ಮೆಲ್ಲಗೆ ಕೇಳಿದಳು.

"ಹಾಳಾದ ವಿಡಿಯೋ ಇಡ್ಲಿಕ್ಕೆ," ಎಂದರು ಮಾವ. "ಹಿಟ್ಟು ಹುಳಿ ಬಂತು ಅಂತ ಚೆಲ್ಲಿಬಿಡ್ತೇವಾ?"

*

ಗಂಡಸರು ಸ್ಮಶಾನದಿಂದ ಮರಳಿ ಸ್ನಾನ ಮಾಡಿದರು. ಅನುಷಾಳಿಗೆ ಇನ್ನೂ ಏನೂ ಸಿಕ್ಕಿರಲಿಲ್ಲ. ಚೆನ್ನಾಗಿ ಕತ್ತರಿಸಿ ಜೋಡಿಸಿದ ಯಾವ ವಿಡಿಯೋದಲ್ಲೂ ಮಾವನಿಲ್ಲ. ಮಾವನ ದಾಯಾದಿ, ಸೂರತ್ತಿನ ಹತ್ತಿರದ ಸಚಿನ್ ಎಂಬ ಊರಿನಲ್ಲಿ ಹೋಟೆಲು ನಡೆಸುವ ಹಯವದನ, ಒದ್ದೆ ತಲೆಯಲ್ಲೇ ಬಂದು ಅವಳ ಹಿಂದೆ ನಿಂತ.

"ನಾವು ಬಾಯಿ ತೆರೆದು ಅನ್ನ ತುರುಕುದನ್ನು ಮಾತ್ರ ಸರೀ ಹಿಡೀತಿದ್ದ, ಮಾರಾಯ್ತಿ. ಅವನ ಬಾಯಿ ಎಲ್ಲೂ ಇಲ್ಲ ನೋಡು."

ನಾಲ್ಕಾರು ಜನ ನಕ್ಕರು. ಗಿರಿಜಾ ಕೂಡ ಸೆರಗಿನಲ್ಲಿ ಮುಖ ಒರೆಸುತ್ತ ನಕ್ಕರು.

ಸುಮಂತ್ ಗಡಿಯಾರ ನೋಡಿದ. "ಬಸ್, ಸಾಕು ಅನು. ಸ್ಟುಡಿಯೋ ಬಂದ್ ಆಗ್ತದೆ. ಆಧಾರ್ ಫೋಟೋನೇ ಚಲೇಗಾ."

ಅನುಷಾ ಎರಡನೆಯ ಡಿಸ್ಕ್ ತೆರೆದಳು. ನೆಲ. ಚಪ್ಪಲಿಗಳು. ತಿರುಗುವ ಫ್ಯಾನು. ಚೀಲದೊಳಗಿನ ಕತ್ತಲು, ಅದರೊಳಗಿಂದ ಮಾತುಗಳು. ಆಮೇಲೆ ಕಡಲು.

"ಇದು ನಮ್ಮ ಸೂರತ್ತಿನ ಡುಮಸ್ ಅಲ್ವಾ?" ಎಂದ ಹಯವದನ.

ಪರದೆಯ ಅರ್ಧ ಭಾಗ ಕಂದು ಮಸುಕು. ಉಳಿದರ್ಧದಲ್ಲಿ, ಗಾಳಿಗೆ ಹಾರುವ ಪಂಚೆ ಹಿಡಿದುಕೊಂಡು ವಾಸುದೇವರು.

"ಬೆರಳು ತೆಗಿ, ಮಾರಾಯ್ತಿ."

"ಎಲ್ಲುಂಟು ಬೆರಳು?" ಅದು ಕ್ಯಾಮೆರಾ ಹಿಡಿದ ಗಿರಿಜಾರ ದನಿ.

ವಾಸುದೇವರು ಪಕ್ಕಕ್ಕೆ ಸರಿದರು. ಬೆರಳೂ ಸರಿಯಿತು. ಮತ್ತೆ ಸರಿದರು, ಮತ್ತೆ ಬಂತು. ಕೊನೆಗೆ ವಾಸುದೇವರು ಸೋತು, ಉಳಿದಷ್ಟೇ ಜಾಗದಲ್ಲಿ ನಿಂತು, ತಲೆ ಓರೆ ಮಾಡಿ ಬಾಯಿತುಂಬ ನಕ್ಕರು.

ಅನುಷಾ ಅಲ್ಲಿ ನಿಲ್ಲಿಸಿದಳು.

ಸುಮಂತ್ ಪರದೆಯ ಕಡೆ ಬಾಗಿದ. ಬೆರಳನ್ನು ತೆಗೆಸಬಹುದು, ಮುಚ್ಚಿಹೋದ ಕಿವಿಯನ್ನೂ ಕಡಲನ್ನೂ ಈಗ ಸ್ಟುಡಿಯೋದವರೇ ತುಂಬಿಸಿ ಕೊಡುತ್ತಾರೆ ಎಂದ. ಎಲ್ಲರೂ ಹೌದೆಂದರು. ಅನುಷಾಳ ಕೈ ಮೌಸಿನ ಮೇಲಿತ್ತು. ಅವಳು ಅತ್ತೆಯನ್ನು ನೋಡಿದಳು.

ಗಿರಿಜಾ ಪರದೆಯ ತೀರಾ ಹತ್ತಿರ ಬಂದು ನಿಂತಿದ್ದರು. "ಕತ್ತರಿಸ್ಬೇಡ," ಎಂದರು. "ಅದು ನಂದು. ಇರ್ಲಿ."

ಫೋಟೋವನ್ನು ಹಾಗೆಯೇ ಕಳಿಸಿದರು. ಸ್ಟುಡಿಯೋದವನು ಫೋನ್ ಮಾಡಿ, ನಿಜಕ್ಕೂ ಇದನ್ನೇ ಹಾಕಲೇ ಎಂದು ಕೇಳಿದ. ಅನುಷಾ ಹೌದೆಂದಳು.

ದೀಪ ಹಚ್ಚುವ ಹೊತ್ತಿಗೆ ಕಟ್ಟು ಹಾಕಿದ ಪಟ ಬಂತು. ಕಮಲಾಬೆನ್ ಅದನ್ನು ಕುರ್ಚಿಯ ಮೇಲಿಟ್ಟು, ಪಕ್ಕದಲ್ಲಿ ಏನೋ ಅಂಟಿದೆಯೆಂದು ಸೆರಗಿನಿಂದ ಗಾಜು ಉಜ್ಜಿದರು. ಹೋಗಲಿಲ್ಲ. ಅವರು ಉಜ್ಜಿದ್ದಕ್ಕೆ ಪಟ ಓರೆಯಾಗಿತ್ತು. ಚಾಪೆಯ ಮೇಲಿದ್ದ ಗಿರಿಜಾ ಎದ್ದು ಬಂದು ಎರಡೂ ಕೈಯಲ್ಲಿ ಕಟ್ಟು ಹಿಡಿದರು. ಬಲಗೈಯ ಹೆಬ್ಬೆರಳನ್ನು ಆ ಕಂದು ಮಸುಕಿನ ಮೇಲೆಯೇ ಊರಿ, ಪಟವನ್ನು ಒಂಚೂರು ನೇರ ಮಾಡಿದರು.