ಜೀರವ್ ತೊರೆಯ ಹೂಮೀನು

ಸಫರ್ಮೊ ನಮ್ಮೂರಿಗೆ ಮೊದಲ ಸಲ ಬಂದದ್ದು ಜೂನ್ ತಿಂಗಳ ಕೊನೆಯಲ್ಲಿ, ಬಾರ್ತಂಗ್ ಹೊಳೆ ಉಕ್ಕಿ ರಸ್ತೆಯನ್ನು ಎರಡು ಕಡೆ ತಿಂದುಹಾಕಿದ್ದ ವಾರ. ಕೊನೆಯ ಹನ್ನೆರಡು ಕಿಲೋಮೀಟರನ್ನು ನಡೆದೇ ಬಂದಿದ್ದಳು. ಬೆನ್ನ ಮೇಲೊಂದು ಚೀಲ, ಕೈಯಲ್ಲಿ ತಗಡಿನ ಪೆಟ್ಟಿಗೆ. ಜೀಪು ಯಾರ ಹತ್ತಿರ ಇದೆ ಎಂದು ವಿಚಾರಿಸಿಕೊಂಡು ನೇರವಾಗಿ ನಮ್ಮ ಬಾಗಿಲಿಗೆ ಬಂದು ನಿಂತಳು. ನಮ್ಮ ಕಣಿವೆಯ ರೀತಿಯಂತೆ ಒಬ್ಬರ ಕೈಗೊಬ್ಬರು ಮುತ್ತಿಟ್ಟೆವು. ಅವಳ ಕೈ ಒರಟಾಗಿತ್ತು, ಸ್ಪಿರಿಟ್ಟಿನ ವಾಸನೆ ಬರುತ್ತಿತ್ತು.

ಆಗ ನನಗೆ ನಲವತ್ತಮೂರು. ಹೆಂಡತಿ ತೀರಿಹೋಗಿ ಆರು ವರ್ಷವಾಗಿತ್ತು. ಮದುವೆಯಾಗದೆ ಉಳಿದಿದ್ದ ನನ್ನ ಅಕ್ಕ ಗುಲ್‌ಬೇಗಿಮ್ ಮನೆ ನೋಡಿಕೊಳ್ಳುತ್ತಿದ್ದಳು. ನಾನು ಹಳೆಯ ಜೀಪಿನಲ್ಲಿ ಹಿಟ್ಟು, ಸೀಮೆಎಣ್ಣೆ, ಕೆಲವೊಮ್ಮೆ ಹೆರಿಗೆಯ ಹೆಂಗಸರನ್ನು ಸಾಗಿಸುತ್ತಿದ್ದೆ. ಸಫರ್ಮೊ ನನಗಿಂತ ಮೂರು ವರ್ಷಕ್ಕೆ ಚಿಕ್ಕವಳು. ಖೊರೋಗ್ ಊರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ಮೀನುಗಳನ್ನು ಅಭ್ಯಾಸ ಮಾಡುವ ಕೆಲಸ. ಅವಳ ತಂದೆಯದೂ ಅದೇ ಕೆಲಸವಾಗಿತ್ತಂತೆ. ನಲವತ್ತು ವರ್ಷದ ಹಿಂದೆ ಆತ ನಮ್ಮ ಕಣಿವೆಯ ಒಂಬತ್ತು ತೊರೆಗಳಲ್ಲಿ ಗುಲ್‌ಮೊಹಿ, ಎಂದರೆ ಮೈಮೇಲೆ ಕೆಂಪು ಚುಕ್ಕೆಗಳಿರುವ ಹೂಮೀನು, ಇದ್ದದ್ದನ್ನು ನೋಡಿ ಬರೆದಿಟ್ಟಿದ್ದ. ಆತ ಶೇಖರಿಸಿದ್ದ ಮೀನಿನ ಸೀಸೆಗಳೆಲ್ಲ ಯುದ್ಧದ ಕಾಲದಲ್ಲಿ ಒಡೆದುಹೋದವು. ಉಳಿದದ್ದು ಆ ಒಂಬತ್ತು ಹೆಸರುಗಳು. ಈಗ ಕೆಳಗಿನ ಕೊಳಗಳಲ್ಲಿ ಸಾಕಿದ ಹೊರಗಿನ ಮೀನು ತಪ್ಪಿಸಿಕೊಂಡು ಹೊಳೆಯೆಲ್ಲ ಹಬ್ಬಿತ್ತು. ಅದು ಹೋದಲ್ಲಿ ನಮ್ಮ ಮೀನು ಉಳಿಯುತ್ತಿರಲಿಲ್ಲ. ಬೆರಕೆಯಾಗದ ಹಳೆಯ ತಳಿ ಎಲ್ಲಾದರೂ ಇದೆಯೇ ಎಂದು ಹುಡುಕಲು ಅವಳು ಬಂದಿದ್ದಳು.

ಜೀಪು ಹೋಗುವಷ್ಟು ದೂರ ಜೀಪಿನಲ್ಲಿ, ಆಮೇಲೆ ನಡೆದು, ಆ ಬೇಸಿಗೆ ಮೂರು ತೊರೆಗಳನ್ನು ನೋಡಿದೆವು. ಅವಳು ನೀರಿನ ಅಂಚಿಗೆ ಹೋಗುವಾಗ ಕೊನೆಯ ಹತ್ತು ಹೆಜ್ಜೆ ಮೊಣಕಾಲಲ್ಲಿ ಹೋಗುತ್ತಿದ್ದಳು, ನೆರಳು ನೀರಿನ ಮೇಲೆ ಬೀಳದ ಹಾಗೆ. ಬೋರಲು ಮಲಗಿ, ಹಿಮ್ಮುಳ್ಳಿಲ್ಲದ ಚಿಕ್ಕ ಗಾಳವನ್ನು ಕಲ್ಲಿನ ಹಿಂದೆ ಇಳಿಬಿಡುತ್ತಿದ್ದಳು. ಮೀನು ಸಿಕ್ಕರೆ ಕೈಯನ್ನು ಮೊದಲು ನೀರಿನಲ್ಲಿ ಅದ್ದಿಕೊಂಡು, ಆಮೇಲೆ ಮುಟ್ಟುತ್ತಿದ್ದಳು. ಒಣಗಿದ ಕೈ ಅದರ ಮೈಯನ್ನು ಸುಡುತ್ತದಂತೆ. ತಳಿಯ ಪರೀಕ್ಷೆಗೆಂದು ರೆಕ್ಕೆಯ ತುದಿಯಿಂದ ಅಕ್ಕಿಕಾಳಿನಷ್ಟು ಕತ್ತರಿಸಿ ಸೀಸೆಗೆ ಹಾಕಿ, ಮೀನನ್ನು ಬಿಟ್ಟುಬಿಡುತ್ತಿದ್ದಳು. ಮೂರು ತೊರೆಗಳಲ್ಲೂ ಸಿಕ್ಕಿದ್ದು ಪಕ್ಕೆಯಲ್ಲಿ ಗುಲಾಬಿ ಪಟ್ಟೆ ಇರುವ ಕೊಳದ ಮೀನೇ.

ಊರಿನವರಿಗೆ ಇದು ನಗೆಯ ವಿಷಯವಾಯಿತು. ಅಕ್ಕನಂತೂ ಚಹಾ ಕೊಡುತ್ತ ಅವಳೆದುರೇ ಕೇಳಿದಳು: "ಹಿಡಿದು ಬಿಡೋದಕ್ಕೆ ಅಷ್ಟೊಂದು ಓದ್ಬೇಕಿತ್ತಾ ತಾಯಿ? ಬಿಡೋದಾದ್ರೆ ನಾನು ಹಿಡೀದೇನೇ ಬಿಡ್ತೀನಿ ನೋಡು."

ಸಫರ್ಮೊ ನಕ್ಕಳು. "ನಿಮ್ಮಷ್ಟು ಬುದ್ಧಿ ನಮ್ಮ ಸಂಸ್ಥೆಯವರಿಗೆ ಇದ್ದಿದ್ರೆ ನಂಗೆ ಸಂಬಳಾನೇ ಸಿಗ್ತಿರ್ಲಿಲ್ಲ ಅಕ್ಕಾ," ಎಂದಳು. ಅಂದಿನಿಂದ ಅಕ್ಕ ಅವಳ ಬಟ್ಟಲಿಗೆ ಬೆಣ್ಣೆ ಹೆಚ್ಚು ಹಾಕತೊಡಗಿದಳು.

ಇನ್ನು ನನ್ನ ವಿಷಯ. ಹತ್ತನೆಯ ತೊರೆಯೊಂದು ನನಗೆ ಗೊತ್ತಿತ್ತು. ಜೀರವ್. ಎರಡು ದಿನ ನಡೆದು, ಬೆಟ್ಟಸಾಲಿನ ನಡುವಿನ ಒಂದು ಕಣಿವೆದಾರಿ ಹತ್ತಿ ಇಳಿದರೆ ಸಿಗುತ್ತದೆ. ಕೆಳಗೆ ಮೂರಾಳೆತ್ತರದ ಜಲಪಾತ, ಅದನ್ನು ಹತ್ತಿ ಯಾವ ಮೀನೂ ಮೇಲೆ ಬರಲಾರದು. ಮೇಲೆ ಬರ್ಚ್ ಮರಗಳ ನಡುವೆ ನಿಧಾನವಾಗಿ ಹರಿಯುವ ನೀರು. ಹನ್ನೊಂದನೆಯ ವಯಸ್ಸಿನಲ್ಲಿ ಅಜ್ಜನ ಜೊತೆ ಆಡು ಮೇಯಿಸಲು ಹೋದಾಗ ಅಲ್ಲಿ ಹೂಮೀನನ್ನು ನೋಡಿದ್ದೆ. ಆಮೇಲೂ ಮೂರು ನಾಲ್ಕು ಸಲ ಹೋಗಿದ್ದೆ, ಹೆಂಡತಿ ಸತ್ತ ವರ್ಷವೂ. ಆ ತೊರೆ ಸಫರ್ಮೊಳ ತಂದೆಯ ಪಟ್ಟಿಯಲ್ಲಿರಲಿಲ್ಲ. ಆತನಿಗೆ ಯಾರೂ ಹೇಳಿರಲಿಕ್ಕಿಲ್ಲ.

ಅವಳು ಬಂದ ಮೊದಲ ಸಂಜೆಯೇ ಹೇಳಬೇಕೆಂದಿದ್ದೆ. ಅವಳು ಬೂಟು ಬಿಚ್ಚಿ, ನೋಯುವ ಕಾಲನ್ನು ಒತ್ತಿಕೊಳ್ಳುತ್ತ, ಒಣಗಿಸಿದ ಹಿಪ್ಪುನೇರಳೆ ಹಣ್ಣು ತಿನ್ನುತ್ತ ಮಾತಾಡುತ್ತಿದ್ದಳು. ಆರು ವರ್ಷದಿಂದ ಆ ಮನೆಯಲ್ಲಿ ಅಷ್ಟು ಹೊತ್ತು ಯಾರೂ ಮಾತಾಡಿರಲಿಲ್ಲ. ನಾಳೆ ಹೇಳೋಣ ಎಂದುಕೊಂಡೆ. ಹೇಳಿದರೆ ಐದು ದಿನದಲ್ಲಿ ಅವಳ ಕೆಲಸ ಮುಗಿಯುತ್ತದೆ, ಸೀಸೆಗಳನ್ನು ತುಂಬಿಕೊಂಡು ಹೊರಟುಹೋಗುತ್ತಾಳೆ ಎಂಬುದು ಮರುದಿನ ಹೊಳೆಯಿತು. ಮೊದಲು ಪಟ್ಟಿಯಲ್ಲಿರುವ ತೊರೆಗಳನ್ನು ನೋಡಿ ಮುಗಿಸಲಿ, ಅದೇನು ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆ ಬೇಸಿಗೆ ಹಾಗೆ ಕಳೆಯಿತು.

ಚಳಿಗಾಲದಲ್ಲಿ ನಮ್ಮ ರಸ್ತೆ ನಾಲ್ಕು ತಿಂಗಳು ಮುಚ್ಚಿರುತ್ತದೆ. ಆ ವರ್ಷ ನಾನು ಜೀಪಿನ ಎಂಜಿನನ್ನು ಮೂರು ಸಲ ಬಿಚ್ಚಿ ಕಟ್ಟಿದೆ. ಹಿಂದಿನ ಸೀಟಿಗೆ ಹೊಸ ಕಂಬಳಿ ಹೊದಿಸಿದೆ. ಅಕ್ಕ ನೋಡಿ ಸುಮ್ಮನಿರುತ್ತಾಳೆಯೇ. "ಈ ವರ್ಷ ಮೀನೇ ಸೀಟಿನ ಮೇಲೆ ಕೂತ್ಕೊಂಡು ಬರ್ತಾವೇನೋ?" ಎಂದಳು. ಎರಡನೆಯ ಬೇಸಿಗೆ ಸಫರ್ಮೊ ಬಂದಳು. ಇನ್ನೂ ಮೂರು ತೊರೆ. ಒಂದರಲ್ಲಿ ನೀರನ್ನು ಕಾಲುವೆಗೆ ತಿರುಗಿಸಿದ್ದರು. ಒಂದರಲ್ಲಿ ಕೊಳದ ಮೀನು. ಮೂರನೆಯದರಲ್ಲಿ ಕೆಂಪು ಚುಕ್ಕೆಯ ಮೀನು ಸಿಕ್ಕಿತು. ಆ ರಾತ್ರಿ ಗುಡಾರದಲ್ಲಿ ಅವಳು ಹಾಡು ಗುನುಗುತ್ತಿದ್ದಳು. ಪರೀಕ್ಷೆಯ ಫಲ ಚಳಿಗಾಲದಲ್ಲಿ ಬಂತು: ಅದೂ ಬೆರಕೆ. ಅಂಚೆಯವನ ಕೈಯಲ್ಲಿ ನನಗೊಂದು ಚೀಟಿ ಕಳಿಸಿದ್ದಳು, "ಅದಲ್ಲವಂತೆ. ಮತ್ತೆ ಬರುತ್ತೇನೆ." ಅವಳ ಸೋಲಿನ ಸುದ್ದಿ ಓದಿ ನನಗೆ ಸಂತೋಷವಾಯಿತು. ಆ ಸಂತೋಷ ನಾಚಿಕೆಗೇಡಿನದು ಎಂದು ಆಗಲೇ ಗೊತ್ತಿತ್ತು.

ಮೂರನೆಯ ಬೇಸಿಗೆ ಉಳಿದ ಮೂರೂ ತೊರೆಗಳು ಮುಗಿದವು. ಒಂಬತ್ತನೆಯದರ ದಡದಲ್ಲಿ ಅವಳು ಗಾಳದ ದಾರ ಸುತ್ತಿಟ್ಟು ತಗಡಿನ ಪೆಟ್ಟಿಗೆ ಮುಚ್ಚಿದಳು. ಸಂಸ್ಥೆಯವರು ಮುಂದಿನ ವರ್ಷದಿಂದ ಈ ಹುಡುಕಾಟಕ್ಕೆ ಕಳಿಸುವುದಿಲ್ಲವೆಂದೂ, ಬಯಲುಸೀಮೆಯ ಜಲಾಶಯವೊಂದರ ಕೆಲಸಕ್ಕೆ ಹಾಕುತ್ತಾರೆಂದೂ ಹೇಳಿದಳು. ಅಪ್ಪ ನೋಡಿದ್ದನ್ನು ತಾನೂ ಒಮ್ಮೆ ನೋಡಬೇಕೆಂದಿತ್ತು, ಅಷ್ಟೇ ಎಂದಳು. ನನಗೆ ಇನ್ನು ತಡೆಯಲಾಗಲಿಲ್ಲ.

"ಇನ್ನೊಂದು ತೊರೆ ಇದೆ," ಎಂದೆ. "ನೋಡೋಣ, ಎರಡು ದಿನ ನಡೀಬೇಕು."

ಆ ಎರಡು ದಿನ ನನ್ನ ಬದುಕಿನಲ್ಲಿ ಬೇರೆ ಯಾವ ದಿನಕ್ಕೂ ಸಮವಲ್ಲ. ಮಾಚಿಪತ್ರೆಯ ಗಿಡಗಳ ನಡುವೆ ಅವಳು ಮುಂದೆ, ನಾನು ಹಿಂದೆ. ಕಣಿವೆದಾರಿಯ ನೆತ್ತಿಯಲ್ಲಿ ಹಿಮ ಕರಗಿಸಿ ಚಹಾ ಕಾಸಿದೆವು. ಮೀನು ಸಿಕ್ಕರೆ ಅದರ ವರದಿ ಬರೆಯಲು ಪ್ರತಿವರ್ಷ ಬರಬೇಕಾಗುತ್ತದೆ, ನಿಮ್ಮಕ್ಕನ ಬೆಣ್ಣೆಯಿಂದ ನನಗೆ ಬಿಡುಗಡೆಯಿಲ್ಲ ಎಂದಳು. ಹೀಗೂ ಆಗಬಹುದಿತ್ತೆಂದು, ಮೀನು ಸಿಕ್ಕಿದ್ದರಿಂದಲೇ ಅವಳು ಮತ್ತೆ ಮತ್ತೆ ಬರಬಹುದಿತ್ತೆಂದು, ನನಗೆ ಮೂರು ವರ್ಷದಲ್ಲಿ ಒಮ್ಮೆಯೂ ಹೊಳೆದಿರಲಿಲ್ಲ.

ಇಳಿಜಾರಿನ ಕೊನೆಯ ತಿರುವು ದಾಟಿದಾಗ ನನ್ನ ಕಾಲು ನಿಂತಿತು. ಬರ್ಚ್ ಮರಗಳಿದ್ದಲ್ಲಿ ಮರಗಳಿರಲಿಲ್ಲ. ಕಣಿವೆಯ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಬೂದುಬಣ್ಣದ ಕಲ್ಲು, ಒಣಗಿ ಬಿರಿದ ಕೆಸರು, ಅದರ ನಡುವೆ ಸಿಮೆಂಟಿನ ನೀರಿನಂಥ ಒಂದು ಹರಿವು. ಮೇಲಿನ ಹಿಮನದಿಯ ಬುಡದಲ್ಲಿದ್ದ ಕೆರೆಯೊಂದು ಒಡೆದು ಎಲ್ಲವನ್ನೂ ಹೊಡೆದುಕೊಂಡು ಹೋಗಿತ್ತು.

ದಿಬ್ಬದ ಮೇಲೆ ಹುಲ್ಲುಗಾವಲಿನ ಗುಡಿಸಲಲ್ಲಿ ಖುಷ್‌ನಜರ್ ಎಂಬ ಮುದಿ ಕುರುಬನಿದ್ದ. ನನ್ನ ಅಜ್ಜನ ಕಾಲದಿಂದಲೂ ಪರಿಚಯ. ಕೆಸರು ಬಂದದ್ದು ಈ ವರ್ಷದ ಮೇ ತಿಂಗಳಲ್ಲಿ, ತಾನು ಕುರಿ ಹೊಡೆದುಕೊಂಡು ಬರುವ ಮೊದಲೇ ಎಂದ. ನಮಗೆ ಮೊಸರು ಕೊಟ್ಟು, ಸಫರ್ಮೊ ಏನು ಹುಡುಕುತ್ತಿದ್ದಾಳೆಂದು ಕೇಳಿ ತಿಳಿದುಕೊಂಡು, ನನ್ನ ಕಡೆ ತಿರುಗಿದ.

"ಹೋದ ಬೇಸಿಗೇಲಿ ಕರ್ಕೊಂಡು ಬರಬಾರದಿತ್ತೇನೋ? ಕೊಡದಲ್ಲಿ ನೀರು ಮೊಗೆದ್ರೆ ಮೀನು ಬರ್ತಿತ್ತು. ನಿಂಗೊತ್ತಿತ್ತಲ್ಲೋ ಮಾರಾಯಾ."

ಅವನು ಕುರಿಗಳ ಕಡೆ ಹೋದ. ಸಫರ್ಮೊ ಬಟ್ಟಲನ್ನು ಕೆಳಗಿಟ್ಟಳು.

"ನಿಮಗೆ ಯಾವಾಗಿಂದ ಗೊತ್ತಿತ್ತು?"

ಮರೆತುಹೋಗಿತ್ತು ಎನ್ನಬಹುದಿತ್ತು. ಅವಳು ನಂಬುತ್ತಿದ್ದಳು ಎಂದೇ ಈಗಲೂ ನನ್ನ ಎಣಿಕೆ.

"ಚಿಕ್ಕೋನಿದ್ದಾಗಿಂದ," ಎಂದೆ. "ನೀವು ಬಂದ ಮೊದಲ್ನೇ ದಿನಾನೇ ಹೇಳ್ಬೇಕಂತಿದ್ದೆ. ಹೇಳಿದ್ರೆ ಹೊರಟುಹೋಗ್ತೀರಿ ಅಂತ ಹೇಳ್ಲಿಲ್ಲ."

ಅವಳು ನನ್ನನ್ನು ನೋಡಿದಳು. ಬೈಯಲಿಲ್ಲ. ಅರ್ಥವಾಯಿತು ಎಂಬುದು ಅವಳ ಮುಖದಲ್ಲಿ ಕಂಡಿತು. ಅದು ಕಂಡದ್ದೇ ನನಗೆ ಹೆಚ್ಚು ಕಷ್ಟವಾಯಿತು.

"ನನ್ನನ್ನ ಕೇಳಬಹುದಿತ್ತು," ಎಂದಳು. "ಉಳ್ಕೊಳ್ತೀರಾ ಅಂತ ಒಂದು ಮಾತು ಕೇಳಬಹುದಿತ್ತು. ಅದನ್ನ ಬಿಟ್ಟು..." ತೊರೆಯ ಕಡೆ ಕೈ ತೋರಿಸಿದಳು, ಅಷ್ಟೇ.

ಆಮೇಲೆ ಪುಸ್ತಕ ತೆಗೆದು ನನ್ನೆದುರು ಕುಳಿತು ಪ್ರಶ್ನೆ ಕೇಳತೊಡಗಿದಳು, ಗೊತ್ತಿಲ್ಲದ ಮನುಷ್ಯನನ್ನು ಕೇಳುವ ಹಾಗೆ. ಮೀನು ಎಷ್ಟು ಉದ್ದವಿತ್ತು, ಚುಕ್ಕೆಯ ಸುತ್ತ ಬಿಳಿ ಬಳೆ ಇತ್ತೇ, ಮರಿಗಳು ಯಾವ ತಿಂಗಳಲ್ಲಿ ಕಾಣುತ್ತಿದ್ದವು, ಕೊನೆಯ ಸಲ ನೋಡಿದ್ದು ಯಾವ ವರ್ಷ. ಒಂದು ಗೇಣು ಎಂದೆ. ಬಳೆ ಇತ್ತು ಎಂದೆ. ಪಕ್ಕೆಯಲ್ಲಿ ಬೆರಳೊತ್ತಿದಂಥ ನೀಲಿ ಗುರುತುಗಳಿದ್ದವು, ಹೊಟ್ಟೆ ಬೆಣ್ಣೆಯ ಬಣ್ಣ ಎಂದೆ. ಎಲ್ಲವನ್ನೂ ಬರೆದುಕೊಂಡು ಕೆಳಗೆ ನನ್ನ ರುಜು ಹಾಕಿಸಿದಳು.

ಮೂರು ದಿನ ಅಲ್ಲಿಯೇ ಇದ್ದು ಕೆಸರಿನ ಬದಿಗಳಲ್ಲಿ, ಮೇಲಿನಿಂದ ಇಳಿಯುವ ಪ್ರತಿಯೊಂದು ನೀರಿನ ಎಳೆಯಲ್ಲಿ ಹುಡುಕಿದೆವು. ಕೆಲಸಕ್ಕೆ ಬೇಕಾದಷ್ಟೇ ಮಾತಾಡಿದೆವು. ಒಂದು ಮೀನೂ ಕಾಣಲಿಲ್ಲ. ಊರಿಗೆ ಮರಳಿದ ಮೇಲೆ ಯಾರದೋ ಲಾರಿ ಸಿಕ್ಕಿತು, ಅದರಲ್ಲೇ ಹೊರಟಳು. ಅಕ್ಕನ ಕೈಗೆ ಮುತ್ತಿಟ್ಟಳು. ನನ್ನೆದುರು ತನ್ನ ಎದೆಯ ಮೇಲೆ ಕೈಯಿಟ್ಟು ತಲೆಬಾಗಿದಳು, ದೂರದವರಿಗೆ ಮಾಡುವ ಹಾಗೆ.

ಅಕ್ಕನಿಗೆ ನಾನೇ ಹೇಳಿದೆ. ಅವಳು ಒಲೆಯ ಬೂದಿ ಕೆದಕುತ್ತ ಕೇಳಿಸಿಕೊಂಡು, "ನೀನು ಕೆಟ್ಟೋನಲ್ಲ ಕಣೋ, ಹೆದರುಪುಕ್ಲ," ಎಂದಳು. ಆ ವಿಷಯವನ್ನು ಮತ್ತೆ ಎತ್ತಲಿಲ್ಲ.

ಮರುವರ್ಷದಿಂದ ಆಗಸ್ಟ್ ತಿಂಗಳಲ್ಲಿ ಹತ್ತು ದಿನ ಜೀಪನ್ನು ನಿಲ್ಲಿಸಿ ಒಬ್ಬನೇ ಜೀರವ್‌ಗೆ ಹೋಗತೊಡಗಿದೆ. ಅವಳು ಮಾಡುತ್ತಿದ್ದಂತೆಯೇ ಮೊಣಕಾಲಲ್ಲಿ ತೆವಳಿ, ಬೋರಲು ಮಲಗಿ ನೋಡುತ್ತಿದ್ದೆ. ಪ್ರಾಯಶ್ಚಿತ್ತವೆಂದು ಹೋಗುತ್ತಿದ್ದೆ ಎಂದರೆ ಪೂರ್ತಿ ನಿಜವಲ್ಲ. ಅವಳ ಜೊತೆ ನಡೆದ ದಾರಿ ಅದೊಂದೇ ಉಳಿದಿತ್ತು. ಯಾವ ಬಂಡೆಯ ಮೇಲೆ ಅವಳು ಬೂಟಿನ ದಾರ ಕಟ್ಟಿಕೊಂಡಿದ್ದಳೋ ಅಲ್ಲಿ ನಾನೂ ಕುಳಿತು ಏಳುತ್ತಿದ್ದೆ. ಮೂರು ವರ್ಷ ಏನೂ ಕಾಣಲಿಲ್ಲ. ಖುಷ್‌ನಜರ್ ಸತ್ತ. ಕೆಸರಿನ ಮೇಲೆ, ನೀರಂಚಿನಲ್ಲಿ ಬೆಳೆಯುವ ನೀರವಂಜಿಯ ಎಳೆಯ ಗಿಡಗಳು ಎದ್ದವು.

ನಾಲ್ಕನೆಯ ವರ್ಷ, ಕೆಸರು ಮುಟ್ಟದ ಎತ್ತರದಲ್ಲಿ, ಒಂದು ಬುಗ್ಗೆಯಿಂದ ಹುಟ್ಟಿ ಹುಲ್ಲಿನೊಳಗೆ ಹರಿಯುವ ಎಳೆಯೊಂದನ್ನು ಕಂಡೆ. ಒಂದು ಹೆಜ್ಜೆ ಅಗಲ. ಹುಲ್ಲು ಮೇಲೆ ಬಾಗಿಕೊಂಡಿದ್ದರಿಂದ ಹಿಂದೆ ಮೂರು ಸಲ ಅದನ್ನು ದಾಟಿಯೂ ನೀರೆಂದು ತಿಳಿದಿರಲಿಲ್ಲ. ಹುಲ್ಲು ಸರಿಸಿದೆ. ಪುಟ್ಟ ಗುಂಡಿಯೊಂದರಲ್ಲಿ, ಮರಳಿನ ಮೇಲೆ, ನನ್ನ ನಡುಬೆರಳಿಗಿಂತ ಸ್ವಲ್ಪ ಉದ್ದದ ಮೀನು ಬಾಲ ಆಡಿಸುತ್ತ ನಿಂತಿತ್ತು. ಚುಕ್ಕೆಗಳು ಕೆಂಪಗಿದ್ದವು. ಪಕ್ಕಕ್ಕೆ ತಿರುಗಿ ಹೇಳಲು ಬಾಯಿ ತೆರೆದೆ. ಅಲ್ಲಿ ಯಾರಿದ್ದರು.

ಕೈಯನ್ನು ನೀರಿನಲ್ಲಿ ಅದ್ದಿಟ್ಟುಕೊಂಡು, ಜೋಮು ಹಿಡಿಯುವಷ್ಟು ಹೊತ್ತು ಕಾದು, ಮೆಲ್ಲಗೆ ಹಿಡಿದೆ. ರೆಕ್ಕೆಯ ತುದಿಯನ್ನು ಉಗುರುಕತ್ತರಿಯಲ್ಲಿ ಕತ್ತರಿಸಿ ವೋಡ್ಕಾ ಇದ್ದ ಸೀಸೆಗೆ ಹಾಕಿ, ಮೀನನ್ನು ಬಿಟ್ಟೆ. ಊರಿಗೆ ಬಂದು ಖೊರೋಗ್‌ಗೆ ಹೋಗುವವರ ಕೈಯಲ್ಲಿ ಸಂಸ್ಥೆಗೆ, ಸಫರ್ಮೊಳ ಹೆಸರಿಗೆ ಸೀಸೆ ಕಳಿಸಿದೆ. ಜೊತೆಗೊಂದು ಕಾಗದದಲ್ಲಿ ಜಾಗ, ದಿನ, ಮೀನಿನ ಉದ್ದ ಬರೆದೆ. ಬೇರೇನೂ ಬರೆಯಲು ನನಗೆ ಹಕ್ಕಿರಲಿಲ್ಲ.

ಐದು ತಿಂಗಳಾದ ಮೇಲೆ ಉತ್ತರ ಬಂತು. "ಅದೇ. ಬೆರಕೆಯಿಲ್ಲ. ಯಾರಿಗೂ ಜಾಗ ಹೇಳಬೇಡಿ. ಎಷ್ಟಿವೆ?" ಅಷ್ಟೇ. ನಾನದನ್ನು ಅಕ್ಕನಿಗೆ ಓದಿ ಹೇಳಿದೆ. ಅಕ್ಕ ಮತ್ತೊಮ್ಮೆ ಓದಿಸಿದಳು.

ಅಲ್ಲಿಂದ ಪ್ರತಿವರ್ಷ ಎಣಿಸಿ ತಿಳಿಸುತ್ತ ಬಂದಿದ್ದೇನೆ. ಮೊದಲು ಕಾಗದದಲ್ಲಿ, ಊರಿಗೆ ಫೋನು ಬಂದ ಮೇಲೆ ಸಂದೇಶದಲ್ಲಿ. ನಾಲ್ಕು. ಆರು. ಒಂದು ವರ್ಷ ಮೂರೇ. ಹೋದ ಬೇಸಿಗೆ ಹದಿನಾಲ್ಕು, ಅದರಲ್ಲಿ ಎರಡು ಮೀನು ಒಂದೊಂದು ಗೇಣುದ್ದದವು. ಅವಳು ಪ್ರತಿಸಲ ಎರಡು ಪದದಲ್ಲಿ ಉತ್ತರಿಸುತ್ತಾಳೆ, "ಸಿಕ್ಕಿತು, ಬರೆದುಕೊಂಡೆ." ಚಳಿಗಾಲವಿಡೀ ಅದು ಸಾಲುತ್ತದೆ ಎಂದರೆ ಸುಳ್ಳಾಗುತ್ತದೆ. ಆದರೆ ಅದಿಲ್ಲದ ಚಳಿಗಾಲಗಳನ್ನೂ ನಾನು ಕಂಡಿದ್ದೇನೆ.

ಮೊನ್ನೆ ಮಂಗಳವಾರ ಬಂದ ಸಂದೇಶ ಬೇರೆಯಾಗಿತ್ತು. "ಐವತ್ತು ದಾಟಿದ ಹೆಂಗಸು, ಒಂದು ಮಂಡಿ ನೋವು. ಆ ದಾರಿ ನಡೆಯಲು ಆಗುತ್ತದೆಯೇ?"

ಓದಿ ಹೊರಗೆ ಹೋಗಿ ಅಂಗಳದಲ್ಲಿ ನಿಂತೆ. ಅಕ್ಕ ಏನಾಯಿತೆಂದು ಕೇಳಿದಳು. ಹೇಳಿದೆ. ಆಗುತ್ತೆ ಅಂತ ಬರಿ, ಇನ್ನೇನು ಯೋಚನೆ ಎಂದಳು.

ಆದರೆ ದಾರಿ ಮೊದಲಿನಂತಿಲ್ಲ. ಕಣಿವೆದಾರಿಯ ಆಚೆಬದಿ ಕುಸಿದು, ಸುತ್ತುಬಳಸಿ ಇಳಿಯಬೇಕು. ಎರಡು ದಿನದ ನಡಿಗೆ ಈಗ ಮೂರೂವರೆ ದಿನ. ಜೀರವ್‌ನ ಕೆಳಗೆ ಸೇತುವೆಯಿಲ್ಲ, ತೊಡೆಮಟ್ಟದ ನೀರು ದಾಟಬೇಕು. ನನ್ನ ಬೆನ್ನೂ ಮೊದಲಿನಂತಿಲ್ಲ, ಅವಳ ಹೊರೆಯನ್ನೆಲ್ಲ ಹೊರಲಾರೆ. ಇದನ್ನೆಲ್ಲ ಓದಿದರೆ ಬರಲಾರಳೇನೋ.

ಮೂರು ದಿನ ಬರೆದು ಅಳಿಸಿದೆ. ಇವತ್ತು ಬೆಳಿಗ್ಗೆ ಕುಸಿದದ್ದು, ನೀರಿನ ಆಳ, ದಿನಗಳ ಲೆಕ್ಕ, ನನ್ನ ಬೆನ್ನು, ಒಂದನ್ನೂ ಬಿಡದೆ ಬರೆದೆ. ಕೊನೆಯಲ್ಲಿ, ಆಗಸ್ಟ್ ಎರಡನೆಯ ವಾರ ನೀರು ಇಳಿದಿರುತ್ತದೆ, ಬಂದರೆ ನಿಧಾನವಾಗಿ ಹೋಗೋಣ ಎಂದು ಸೇರಿಸಿ ಕಳಿಸಿದೆ.

ಸಂಜೆಯಾಗಿದೆ. ಇನ್ನೂ ಉತ್ತರ ಬಂದಿಲ್ಲ. ಕೆಳಗೆ ಹೊಳೆ ತುಂಬಿ ಹರಿಯುತ್ತಿದೆ, ಅಕ್ಕ ಹಿಟ್ಟು ನಾದುತ್ತಿದ್ದಾಳೆ.