ಬಚ್ಚಲಿನ ಹೊರಗಿನ ಚಿಲಕ

ಫಿನ್‌ಲೆಂಡಿನ ಕೊಲೆಯೊಂದು ಬೆಂಗಳೂರಿನ ಸುದ್ದಗುಂಟೆಪಾಳ್ಯದ ಬಚ್ಚಲುಮನೆಗೆ ಬಂದದ್ದು ನನ್ನ ತಪ್ಪಿನಿಂದ. ಇದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ.

ಅದು ಎರಡು ಸಾವಿರದ ನಾಲ್ಕನೇ ಇಸವಿ. ಬಾಗಲಕೋಟೆ ಕಡೆಯಿಂದ ಬಂದು ಜಯನಗರದ ಪ್ರೆಸ್ಸೊಂದರಲ್ಲಿ ಕರಡು ತಿದ್ದುತ್ತಿದ್ದೆ. ಉಳಿದ ಹೊತ್ತಿನಲ್ಲಿ ಪ್ರಕಾಶಕ ಏಕಾಂತಯ್ಯನವರಿಗಾಗಿ ಒಂದು ಫಿನ್ನಿಷ್ ಪತ್ತೇದಾರಿ ಕಾದಂಬರಿಯನ್ನು ಇಂಗ್ಲಿಷಿನಿಂದ ಕನ್ನಡಕ್ಕೆ ತರುತ್ತಿದ್ದೆ. ಏಕಾಂತಯ್ಯ ಪುಸ್ತಕವನ್ನು ಕೈಗೆ ಕೊಡುವ ಆಸಾಮಿಯಲ್ಲ. ಹಿಂದೊಬ್ಬ ಅನುವಾದಕ ಪುಸ್ತಕದ ಸಮೇತ ನಾಪತ್ತೆಯಾಗಿದ್ದನಂತೆ. ಹಾಗಾಗಿ ನಲವತ್ತು ಪುಟ ಜೆರಾಕ್ಸ್ ಮಾಡಿಸಿ ಕೊಡುತ್ತಿದ್ದರು. ಅದನ್ನು ಮುಗಿಸಿ ಒಪ್ಪಿಸಿದರೆ ಮುಂದಿನ ನಲವತ್ತು. ಮುಂದೇನಾಗುತ್ತದೆಂದು ತಿಳಿಯದೆ ಕೊಲೆ ಅನುವಾದಿಸುವುದು ಎಂಥ ಸಂಕಟ ಎಂದು ಅವರಿಗೆ ಎಷ್ಟು ಹೇಳಿದರೂ ತಲೆಗೆ ಹೋಗಲಿಲ್ಲ.

ಕಥೆ ಇಷ್ಟು. ಐಲಿ ಎಂಬ ಹೆಂಗಸು, ಅವಳನ್ನು ಮೂವತ್ತು ವರ್ಷ ಏಮಾರಿಸಿದ ಗಂಡ, ಸುತ್ತ ಬರೀ ಹಿಮ. ಗಂಡ ಸೌನಾದಲ್ಲಿ, ಅಂದರೆ ಒಲೆ ಹಾಕಿ ಬೆವರು ಇಳಿಸುವ ಮರದ ಕೋಣೆಯಲ್ಲಿ, ಕೂತಾಗ ಅವಳು ಹೊರಗಿನಿಂದ ಚಿಲಕ ಹಾಕಿ ಸೌದೆ ತುಂಬುತ್ತಾಳೆ. ಇದನ್ನು ಆ ಲೇಖಕ ನಗು ಬರುವಂತೆ ಬರೆದಿದ್ದ. ನಕ್ಕ ಮೇಲೆ ಮೈ ಜುಮ್ಮೆನ್ನುತ್ತಿತ್ತು.

"ಸೌನಾ ಗೀನಾ ಬೇಡ, ನಮ್ಮ ಜನಕ್ಕೆ ಗೊತ್ತಾಗೋ ಹಾಗೆ ಮಾಡಿ," ಎಂದರು ಏಕಾಂತಯ್ಯ.

ಅಂಥ ಕೋಣೆ ನನಗೆ ಗೊತ್ತಿದ್ದದ್ದು ಒಂದೇ, ನಾನು ತಾರಸಿಯ ಕೋಣೆಯಲ್ಲಿ ಬಾಡಿಗೆಗಿದ್ದ ಮನೆಯ ಓನರ್ ಬೋರಣ್ಣನವರ ಹಿತ್ತಲಿನ ಬಚ್ಚಲು. ತಾಮ್ರದ ಹಂಡೆ ಒಳಗೆ, ಒಲೆಯ ಬಾಯಿ ಹೊರಗೆ. ಬೀದಿನಾಯಿಗಳು ಬೆಚ್ಚಗೆ ಮಲಗಲು ನುಗ್ಗುತ್ತವೆಂದು ಬಾಗಿಲಿಗೆ ಹೊರಗಡೆಯೂ ಒಂದು ಚಿಲಕ. ಅದನ್ನೇ ಎತ್ತಿಕೊಂಡು ಹೋಗಿ ಫಿನ್‌ಲೆಂಡಿನಲ್ಲಿಟ್ಟೆ. ಸೋಮಾರಿತನ ಅಲ್ಲಿಗೂ ನಿಲ್ಲಲಿಲ್ಲ. ಮೈಗೆಲ್ಲ ಹರಳೆಣ್ಣೆ ಬಳಿದುಕೊಂಡು ಕೂತು "ಇನ್ನೂ ಕಾಯ್ಲಿ, ಇನ್ನೂ ಕಾಯ್ಲಿ" ಎಂದು ಕೂಗುವ ಬೋರಣ್ಣನವರ ಚಟವನ್ನೂ ಐಲಿಯ ಗಂಡನಿಗೆ ಅಂಟಿಸಿದೆ.

ಬೋರಣ್ಣನವರ ಹೆಂಡತಿ ಅಂಜನಮ್ಮ ನನ್ನ ಮೊದಲ ಕೇಳುಗರು. ವಾಕ್ಯ ಕಿವಿಗೆ ಹೇಗೆ ಬೀಳುತ್ತದೆಂದು ನೋಡಲು ಅವರು ಅವರೆಕಾಯಿ ಸುಲಿಯುವಾಗ ಎದುರು ಕೂತು ಓದುತ್ತಿದ್ದೆ. ಐಲಿ ಅವರ ಬಾಯಲ್ಲಿ ಐಲಮ್ಮ ಆದಳು. ಚಿಲಕದ ಅಧ್ಯಾಯ ಓದಿದ ದಿನ ಅವರ ಕೈ ನಿಂತಿತು.

"ಇದು ನಮ್ ಬಚ್ಚಲಲ್ವೇನಪ್ಪ?"

"ಅಲ್ರಿ ಅಕ್ಕಾರ, ಇದು ಫಿನ್‌ಲೆಂಡಿಂದು."

"ಅಲ್ಲೂ ನಾಯಿ ಕಾಟನಾ?" ಎಂದು ನಕ್ಕರು. ಆಮೇಲೆ ಕೇಳಿದರು, "ಬಾಗ್ಲು ತೆಗೆದ್ಲಾ?"

ಜೆರಾಕ್ಸ್ ಅಲ್ಲಿಗೆ ಮುಗಿದಿತ್ತು. ಕೊನೆಯ ಕಂತು ಕೊಡಬೇಕಾದ ಏಕಾಂತಯ್ಯ ಮದುವೆಯೊಂದಕ್ಕೆಂದು ತುಮಕೂರಿಗೆ ಹೋದವರು ಹತ್ತು ದಿನವಾದರೂ ಬರಲಿಲ್ಲ. ನಾನು ಕೂತಲ್ಲಿ ಕೂರಲಾರದೆ, ನಿಂತಲ್ಲಿ ನಿಲ್ಲಲಾರದೆ ತಾರಸಿಯ ಮೇಲೆ ಶತಪಥ ಹಾಕುತ್ತಿದ್ದೆ. ದಿನಕ್ಕೆ ಎರಡು ಸಲ ಕಾಯಿನ್ ಬೂತಿಗೆ ಓಡಿ ಫೋನ್ ಮಾಡುತ್ತಿದ್ದೆ. ಕೆಳಗಿನಿಂದ ಅಂಜನಮ್ಮ ದಿನಾ ಅದೇ ಪ್ರಶ್ನೆ ಕೇಳುತ್ತಿದ್ದರು.

ಶುಕ್ರವಾರ ಅವರು ಕೇಳಲಿಲ್ಲ. ಮೆಟ್ಟಿಲ ಮೇಲೆ ಕೂತಿದ್ದರು. ಅವರ ಅಪ್ಪ ಅರಿಶಿನ ಕುಂಕುಮಕ್ಕೆಂದು ಚಿಕ್ಕಲಸಂದ್ರದಲ್ಲಿ ಕೊಟ್ಟಿದ್ದ ಜಾಗವನ್ನು ಬೋರಣ್ಣ ಮಾರಲು ಹೊರಟಿದ್ದರು. ವೋಟರ್ ಕಾರ್ಡಿಗೆ ಎಂದು ಹೇಳಿ ಹೆಂಡತಿಯ ಕೈಯಲ್ಲಿ ಹಾಕಿಸಿಕೊಂಡ ಸಹಿ, ಮಾರುವ ಹಕ್ಕನ್ನು ಗಂಡನಿಗೆ ಬರೆದುಕೊಟ್ಟ ಕಾಗದದ ಮೇಲಿತ್ತು. ಗೇಟಿನಲ್ಲಿ ನಿಂತ ಬ್ರೋಕರ್ ಬಾಯಿಂದ ಆಕೆಗೆ ಇದು ತಿಳಿದಿತ್ತು. ಮರುದಿನ ಹನ್ನೊಂದಕ್ಕೆ ರಿಜಿಸ್ಟ್ರೇಷನ್.

"ಅಲ್ಲೊಂದು ಸೀಬೆಮರ ಇದೆ ಕಣಪ್ಪ. ನಮ್ಮಪ್ಪ ನೆಟ್ಟಿದ್ದು," ಎಂದರು. ಅಳಲಿಲ್ಲ. ನನಗೆ ಹೊಟ್ಟೆ ಉರಿಯಿತು.

ಶನಿವಾರ ಗಂಡಸರ ಎಣ್ಣೆಸ್ನಾನದ ದಿನ. ಯಾವ ಕೆಲಸವಿದ್ದರೂ ಬೋರಣ್ಣ ಅದನ್ನು ತಪ್ಪಿಸುವವರಲ್ಲ. ಬೆಳಿಗ್ಗೆ ಒಂಬತ್ತಕ್ಕೆ ತಾರಸಿಯಲ್ಲಿ ಅಡ್ಡಾಡುತ್ತಿದ್ದಾಗ ಕೆಳಗೆ "ಇನ್ನೂ ಕಾಯ್ಲಿ" ಕೇಳಿಸಿತು. ಸ್ವಲ್ಪ ಹೊತ್ತಿಗೆ "ಸಾಕು." ಆಮೇಲೆ "ಸಾಕು ಕಣೇ!" ಆಮೇಲೆ ಬಾಗಿಲು ಬಡಿಯುವ ಸದ್ದು. ನಾನು ಮೂರು ಮೂರು ಮೆಟ್ಟಿಲು ಹಾರಿ ಇಳಿದೆ.

ಬಾಗಿಲಿಗೆ ಬೆನ್ನು ಕೊಟ್ಟು ಅಂಜನಮ್ಮ ಮಣೆಯ ಮೇಲೆ ಕೂತಿದ್ದರು. ಅವರ ತಲೆಗಿಂತ ಮೇಲೆ, ಬಾಗಿಲಿಗೆ ಚಿಲಕ ಹಾಕಿತ್ತು. ಪಕ್ಕದ ಒಲೆಗೆ ಒಂದೊಂದೇ ತೆಂಗಿನ ಮಟ್ಟೆ ತಳ್ಳುತ್ತಿದ್ದರು. ಬಾಗಿಲ ಸಂದಿಯಿಂದ ಹಬೆ ನುಗ್ಗುತ್ತಿತ್ತು.

"ಅಂಜನಾ, ಉಸಿರು ಕಟ್ತಿದೆ ಕಣೇ!" ಒಳಗಿನಿಂದ ಬೋರಣ್ಣ ಕೂಗಿದರು. ಅವರಿಗೆ ಬಿಪಿ ಬೇರೆ ಇತ್ತು.

"ಅಕ್ಕಾರ, ಬಾಗಲಾ ತಗೀರಿ," ಎಂದೆ.

"ಐಲಮ್ಮ ತೆಗೆದ್ಲಾ?"

ದನಿಯಲ್ಲಿ ಸಿಟ್ಟೇ ಇರಲಿಲ್ಲ. ಅದೇ ನನ್ನನ್ನು ಹೆದರಿಸಿತು. ಅವರನ್ನು ಪಕ್ಕಕ್ಕೆ ಎಳೆದು ಚಿಲಕ ತೆಗೆಯಬಹುದಿತ್ತು. ಹೇಳಲು ನಾಚಿಕೆಯಾಗುತ್ತದೆ, ಆದರೆ ಬೋರಣ್ಣ ಇನ್ನೊಂಚೂರು ಬೇಯಲಿ ಎಂದು ನನಗೂ ಅನ್ನಿಸಿತ್ತು.

"ತಗೀತಾಳ್ರಿ," ಎಂದೆ.

"ಜೆರಾಕ್ಸ್ ಬಂತಾ?"

"ಬಂತ್ರಿ." ಎಂಥ ಸುಳ್ಳು!

"ಸುಮ್ನೆ ತೆಗೆದುಬಿಟ್ಲಾ?"

ಒಳಗೆ ಬಡಿಯುವ ಸದ್ದು ಸಣ್ಣಗಾಗುತ್ತಿತ್ತು. "ಇಲ್ರಿ. ಮೊದಲು ಆ ಕಾಗದ ಹುಡುಕಿ ತಂದು ಒಲಿಗೆ ಹಾಕ್ತಾಳ್ರಿ. ಅದು ಸುಟ್ಟ ಮ್ಯಾಲ ಬಾಗಲಾ ತಗೀತಾಳ. ಮತ್ತೊಮ್ಮೆ ಸಹಿ ಕೇಳಾಕ ಆತಗ ಧೈರ್ಯನ ಬರೂದಿಲ್ರಿ."

"ಐಲಮ್ಮನ ಕಥೇಲಿ ಕಾಗದ ಎಲ್ಲಿತ್ತು?"

"ಕೊನೀ ಅಧ್ಯಾಯದಾಗ ಬರ್ತೈತ್ರಿ."

ಅಂಜನಮ್ಮ ನನ್ನ ಮುಖವನ್ನು ನೋಡುತ್ತ ಕೂತರು. ಅವರಿಗೆ ನನ್ನ ಸುಳ್ಳು ತಿಳಿಯಿತೆಂದೇ ಈಗಲೂ ನನ್ನ ಅನುಮಾನ. ಆಮೇಲೆ ಎದ್ದು ಒಳಗೆ ಹೋದರು. ಅವರು ಬಾಗಿಲು ಬಿಟ್ಟೆದ್ದ ಕ್ಷಣವೇ ನಾನು ಸದ್ದಾಗದಂತೆ ಚಿಲಕ ಸರಿಸಿದೆ, ಆದರೆ ಬಾಗಿಲು ತಳ್ಳಲಿಲ್ಲ. ಬೋರಣ್ಣ ಇಸ್ತ್ರಿ ಮಾಡಿದ ಅಂಗಿಯ ಜೊತೆ ಇಟ್ಟಿದ್ದ ಪ್ಲಾಸ್ಟಿಕ್ ಕವರ್ ತಂದು, ಛಾಪಾ ಕಾಗದ ಹೊರತೆಗೆದು ಅಂಜನಮ್ಮ ಒಲೆಗೆ ತುರುಕಿದರು. ಅದು ಪೂರ್ತಿ ಕಪ್ಪಾದ ಮೇಲೆ ತಾವೇ ಬಾಗಿಲು ತೆರೆದರು.

ಬೋರಣ್ಣ ಟವೆಲ್ ಸುತ್ತಿಕೊಂಡು, ಕೆಂಪಗಾಗಿ ಹೊರಬಂದು ಒಗೆಯುವ ಕಲ್ಲಿನ ಮೇಲೆ ಕುಸಿದರು. ಎರಡು ಚೊಂಬು ನೀರು ಕುಡಿದರು. ಹೆಂಡತಿಯನ್ನು ನೋಡಿದರು, ಒಲೆಯನ್ನು ನೋಡಿದರು, ಖಾಲಿ ಕವರನ್ನು ನೋಡಿದರು.

"ಹನ್ನೊಂದಕ್ಕೆ ಹೋಗ್ಬೇಕಿತ್ತು," ಎಂದರು ಮೆತ್ತಗೆ.

"ಹೋಗಿ. ಬೇಡ ಅಂದೋರ್ಯಾರು?" ಎಂದು ಅಂಜನಮ್ಮ ತಿಂಡಿ ಮಾಡಲು ಹೋದರು.

ಸೋಮವಾರ ಕೊನೆಯ ಜೆರಾಕ್ಸ್ ಬಂತು. ಐಲಿ ಬಾಗಿಲು ತೆಗೆಯುವುದಿಲ್ಲ. ಇನ್ನೆರಡು ಸೌದೆ ಹಾಕಿ ಒಳಗೆ ಹೋಗುತ್ತಾಳೆ. ಅಭ್ಯಾಸಬಲದಿಂದ ಎರಡು ಲೋಟ ಕಾಫಿ ಮಾಡಿ, ಎರಡನ್ನೂ ತಾನೇ ಕುಡಿಯುತ್ತಾಳೆ. ಇದು ಶುಕ್ರವಾರವೇ ಬಂದಿದ್ದರೆ ಅವತ್ತೇ ಅಂಜನಮ್ಮನಿಗೆ ಓದಿ ಹೇಳಿರುತ್ತಿದ್ದೆ.

ಮುಂದಿನ ಶನಿವಾರ ಬೋರಣ್ಣ ನನ್ನನ್ನು ಕೆಳಗೆ ಕರೆದರು. "ನಿಮ್ ಬರವಣಿಗೆ ಇಲ್ಲೇ ಕೂತು ಮಾಡಿ ಸಾರ್. ಬಿಸಿಲು ಚೆನ್ನಾಗಿದೆ," ಎಂದು ಬಚ್ಚಲ ಬಾಗಿಲ ಪಕ್ಕ ಕುರ್ಚಿ ಹಾಕಿಸಿ ಒಳಗೆ ಹೋದರು. ನಾನು ಚಿಲಕ ಕಾಯುತ್ತ ಕೊನೆಯ ಪುಟಕ್ಕೆ ಬಂದಿದ್ದೆ. ಅಂಜನಮ್ಮ ಎರಡು ಲೋಟ ಕಾಫಿ ತಂದು ಕಲ್ಲಿನ ಮೇಲಿಟ್ಟರು.

"ಐಲಮ್ಮನ ಕಥೆ ಮುಗೀತೇನಪ್ಪ?"

"ಮುಗೀತ್ರಿ."

"ನೀನು ಹೇಳ್ದಂಗೇ?"

ಒಳಗೆ ನೀರಿನ ಸದ್ದು ನಿಂತಿತು.

"ಹೇಳಿದಂಗ ರಿ," ಎಂದೆ.

"ಪುಸ್ತಕ ಬಂದ್ಮೇಲೆ ನಾನೇ ಓದ್ತೀನಿ ಬಿಡು. ಎಂಟನೇ ಕ್ಲಾಸ್ ಓದಿದೀನಿ ನಾನು," ಎಂದು ಒಂದು ಲೋಟ ನನ್ನ ಕೈಗಿತ್ತು, ಇನ್ನೊಂದನ್ನು ಗಂಡನಿಗೆಂದು ಮುಚ್ಚಿಟ್ಟು ಹೋದರು.

ನಾನು ಏಕಾಂತಯ್ಯನವರ ಕೊನೆಯ ಹಾಳೆಯನ್ನು ಒಲೆಗೆ ಹಾಕಿ, ಐಲಿ ಬಾಗಿಲು ತೆಗೆದಳು ಎಂದು ಬರೆದೆ. ಬರೆದದ್ದನ್ನು ಗಟ್ಟಿಯಾಗಿ ಓದಿದೆ. ಒಳಗೆ ಬೋರಣ್ಣ ಮತ್ತೆ ನೀರು ಹುಯ್ದುಕೊಳ್ಳತೊಡಗಿದರು.